ರೆಕಾರ್ಡ್ ಪುಸ್ತಕದಲ್ಲಿ ತಪ್ಪು ರೀಡಿಂಗ್‌ಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳ ಪುಟ ಶುರುವಾಗುತ್ತದೆ. ಅದರಿಂದ ಮಕ್ಕಳಿಗೆ ಉಪಯೋಗವಿದೆ, ಬೇಡ ಎನ್ನುವುದಿಲ್ಲ. ಆದರೆ ವಿಜ್ಞಾನದ 100 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಈ 20ರೊಳಗೆ ಸೇರುವ ಪ್ರಯೋಗಗಳ ಬಗ್ಗೆ ಆ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಕಾರಣ ಗುಟ್ಟೇನಲ್ಲ. ಆ ಅಂಕ ಹೇಗೂ ಬರುತ್ತದೆ. ರೆಕಾರ್ಡ್ ನೀಟಾಗಿ ಬರೆದಿದ್ದರೆ ಸಾಕು, ಹೋದ ವರ್ಷ ಪಾಸಾದ ಅಕ್ಕನ ರೆಕಾರ್ಡ್ ನೋಡಿ ಬರೆದರೂ ನಡೆಯುತ್ತದೆ.

ಇಂಥ ಹತ್ತು ರೆಕಾರ್ಡ್‌ಗಳನ್ನು ಸಾಲಾಗಿ ಬಿಡಿಸಿಟ್ಟು ನೋಡಿ. ವೋಲ್ಟ್ ಹೆಚ್ಚಿದಷ್ಟೇ ಪಟ್ಟು ಪ್ರವಾಹವೂ ಹೆಚ್ಚುತ್ತದೆ ಎನ್ನುವ ಓಮ್‌ನ ನಿಯಮದ ನಕ್ಷೆಯಲ್ಲಿ ಎಲ್ಲ ಬಿಂದುಗಳೂ ಸ್ಕೇಲ್ ಇಟ್ಟಂತೆ ಒಂದೇ ಗೆರೆಯ ಮೇಲೆ ಕೂತಿರುತ್ತವೆ. ವೋಲ್ಟ್ ಕಾಲಂನಲ್ಲಿ 1.5, 3.0, 4.5, 6.0. ನಿಜವಾದ ಹೊಸ ಸೆಲ್ ಹಾಕಿ ಅಳೆದವರಿಗೆ ಈ ಅಂಕಿಗಳು ಸಿಗುವುದು ಅಪರೂಪ. ಹೊಸ ಸೆಲ್ 1.5ಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ, ಬಳಸಿದ್ದು ಕಡಿಮೆ ತೋರಿಸುತ್ತದೆ. ಅಂದರೆ ತಪ್ಪೇ ಇಲ್ಲದ ರೆಕಾರ್ಡ್ ಪ್ರಯೋಗ ಮಾಡಿಲ್ಲ ಎಂಬುದಕ್ಕೆ ಸಾಕ್ಷಿ. ಅದಕ್ಕೇ ನಾವು ಪೂರ್ತಿ ಅಂಕ ಕೊಡುತ್ತಿದ್ದೇವೆ!

ನಮ್ಮ ಒತ್ತಾಯ ಇಷ್ಟೇ: ಮಗು ತಾನೇ ಅಳೆದ ರೀಡಿಂಗ್, ಅದು ಎಷ್ಟೇ ವಕ್ರವಾಗಿರಲಿ, ಪೆನ್ನಿನಲ್ಲಿ ಬರೆದದ್ದು ರೆಕಾರ್ಡ್‌ನಲ್ಲಿ ಉಳಿಯಬೇಕು, ಅದು ಏಕೆ ಹಾಗೆ ಬಂತು ಎಂದು ಎರಡು ಸಾಲು ಬರೆದರೆ ಅಂಕ ಸಿಗಬೇಕು. ಇದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಏನು ಬೇಕು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಕೆಳಗೆ ಬರೆದಿದ್ದೇವೆ. ಪತ್ರ ಉದ್ದವಾಯಿತು ಎನಿಸಿದರೆ ಮೇಲಿನ ಪೀಠಿಕೆಯನ್ನು ಕತ್ತರಿಸಿ, ಅಳತೆಗಳನ್ನು ಮಾತ್ರ ಬಿಡಬೇಡಿ.

ಮೊದಲು ಲೋಲಕ. ಇದಕ್ಕೆ ಲ್ಯಾಬಿನ ಬೀರುವಿನ ಬೀಗವನ್ನೂ ತೆಗೆಯಬೇಕಾಗಿಲ್ಲ. ಹಾರ್ಡ್‌ವೇರ್ ಅಂಗಡಿಯ ಒಂದು ದಪ್ಪ ನಟ್ಟು, ಒಂದೂಕಾಲು ಮೀಟರ್ ಹೊಲಿಗೆ ದಾರ, ಒಂದು ಟೇಪು, ಮೇಷ್ಟ್ರ ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಆಯಿತು. ದಾರವನ್ನು ಮೊಳೆಗೆ ಕಟ್ಟಬಾರದು. ತೂಗುವಾಗ ದಾರ ಮೊಳೆಯ ಮೈಗೆ ಸುತ್ತಿಕೊಂಡು ಬಿಚ್ಚಿಕೊಳ್ಳುತ್ತದೆ, ಉದ್ದ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಎರಡು ಚಪ್ಪಟೆ ಮರದ ತುಂಡುಗಳ ನಡುವೆ ದಾರವನ್ನು ಸಿಕ್ಕಿಸಿ, ಆ ಜೋಡಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ಮರದ ಕೆಳ ಅಂಚಿನಿಂದ ನಟ್ಟಿನ ನಡುಮಧ್ಯದವರೆಗೆ ಸರಿಯಾಗಿ 100 ಸೆಂ.ಮೀ. ಇರಲಿ. ನಟ್ಟನ್ನು ಒಂದು ಗೇಣಿಗಿಂತ ಕಡಿಮೆ ಪಕ್ಕಕ್ಕೆ ಎಳೆದು, ತಳ್ಳದೆ ಬಿಡಬೇಕು. ಎಣಿಕೆಯನ್ನು ತುದಿಯಲ್ಲಿ ಅಲ್ಲ, ನಡುವಿನಲ್ಲಿ ಮಾಡಬೇಕು. ತುದಿಯಲ್ಲಿ ನಟ್ಟು ನಿಧಾನವಾಗುವುದರಿಂದ ಅದು ತಿರುಗಿದ ಗಳಿಗೆ ಯಾವುದೆಂದು ಕಣ್ಣಿಗೆ ಸಿಗದು. ನಡುವಿನ ಗುರುತನ್ನು ಬಲಕ್ಕೆ ದಾಟಿದಾಗ ‘ಸೊನ್ನೆ’, ಮತ್ತೆ ಬಲಕ್ಕೇ ದಾಟಿದಾಗ ‘ಒಂದು’. ಹೀಗೆ 20 ಆಂದೋಲನ ಎಣಿಸಿದರೆ 40 ಸೆಕೆಂಡಿನ ಮೇಲೆ ಒಂಚೂರು, 40.2ರ ಆಸುಪಾಸು ಬರಬೇಕು. ಅವಧಿ 2.01 ಸೆಕೆಂಡ್. ಇದನ್ನು ಗುರುತ್ವ ವೇಗೋತ್ಕರ್ಷದ g = 4π²L/T² ಎಂಬ ಸೂತ್ರಕ್ಕೆ (L ಮೀಟರಿನಲ್ಲಿ ಉದ್ದ, T ಅವಧಿ) ಹಾಕಿದರೆ 9.78ರ ಹತ್ತಿರ ಬರುತ್ತದೆ. ಸೂತ್ರ ಪಿಯುಸಿಯದ್ದು, ನಿಜ. ಆದರೆ ವರ್ಗ, ಭಾಗಾಕಾರ ಬರುವ ಒಂಬತ್ತನೇ ತರಗತಿಯ ಮಗುವಿಗೆ ಇದರಲ್ಲಿ ಕಷ್ಟವೇನಿಲ್ಲ. ಮೈಸೂರು ಸಮಭಾಜಕದಿಂದ 12 ಡಿಗ್ರಿಯಷ್ಟೇ ದೂರದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲೂ ಇದೆ. ಹಾಗಾಗಿ ಇಲ್ಲಿ g ಬೆಲೆ 9.81 ಅಲ್ಲ, 9.78.

ಇನ್ನು ತಪ್ಪುಗಳ ಮಾತು. ಉತ್ತರ 10.8 ಬಂದಿದೆಯೆ? ಬಿಟ್ಟ ಕೂಡಲೇ ‘ಒಂದು’ ಎಂದು ಎಣಿಸಿದ್ದಾರೆ. 19 ಆಂದೋಲನವನ್ನು 20 ಎಂದುಕೊಂಡರೆ ಕರಾರುವಾಕ್ಕಾಗಿ ಇಷ್ಟೇ ಬರುತ್ತದೆ. 8.9 ಬಂದರೆ ಒಂದು ಆಂದೋಲನ ತಡವಾಗಿ ವಾಚ್ ನಿಲ್ಲಿಸಿದ್ದಾರೆ. 9.45 ಬಂದರೆ ಉತ್ಸಾಹದಲ್ಲಿ 30 ಡಿಗ್ರಿಯಷ್ಟು ಎಳೆದು ಬಿಟ್ಟಿದ್ದಾರೆ. ಅಷ್ಟು ಅಗಲವಾಗಿ ತೂಗಿದರೆ ಅವಧಿ ನೂರಕ್ಕೆ ಒಂದೂಮುಕ್ಕಾಲರಷ್ಟು ಹೆಚ್ಚಾಗುತ್ತದೆ. 9.7ರ ಕೆಳಗೆ ಬಂದು ಉಳಿದದ್ದೆಲ್ಲ ಸರಿಯಿದ್ದರೆ ಉದ್ದವನ್ನು ನಟ್ಟಿನ ಮೇಲಂಚಿನವರೆಗೆ ಮಾತ್ರ ಅಳೆದಿರುವ ಸಾಧ್ಯತೆ ಹೆಚ್ಚು. ನೋಡಿ, ತಪ್ಪು ಉತ್ತರಕ್ಕೂ ಒಂದು ವಿಳಾಸವಿರುತ್ತದೆ. ಮಗು ಅದನ್ನು ಅಳಿಸಿ 9.8 ಎಂದು ಬರೆದ ಕ್ಷಣ ಆ ವಿಳಾಸ ಕಳೆದುಹೋಗುತ್ತದೆ.

ಒಂದೇ ಆಂದೋಲನದ ಸಮಯ ಅಳೆದರೆ ಸಾಲದೆ ಎಂದು ಮಕ್ಕಳು ಕೇಳುತ್ತಾರೆ. ಸಾಲದು. ಬೆರಳು ವಾಚ್ ಒತ್ತುವುದರಲ್ಲಿ 0.2 ಸೆಕೆಂಡಿನಷ್ಟು ಹೆಚ್ಚುಕಡಿಮೆ ಆಗೇ ಆಗುತ್ತದೆ. 2 ಸೆಕೆಂಡಿನಲ್ಲಿ ಅದು ನೂರಕ್ಕೆ 10, g ಲೆಕ್ಕದಲ್ಲಿ ವರ್ಗ ಇರುವುದರಿಂದ ನೂರಕ್ಕೆ 20. ಅದೇ 0.2 ಸೆಕೆಂಡ್ 40 ಸೆಕೆಂಡಿನೊಳಗೆ ನೂರಕ್ಕೆ ಅರ್ಧ. ಸಮಯವಿದ್ದರೆ 40, 60, 80, 100 ಸೆಂ.ಮೀ. ಉದ್ದಗಳಲ್ಲಿ ಅಳೆದು, ಉದ್ದವನ್ನು ಅಡ್ಡಕ್ಕೂ ಅವಧಿಯ ವರ್ಗವನ್ನು ನೇರಕ್ಕೂ ಇಟ್ಟು ನಕ್ಷೆ ಎಳೆಯಿಸಿ. ಉದ್ದವನ್ನು ಮೀಟರಿನಲ್ಲಿ ಇಟ್ಟರೆ ಗೆರೆಯ ಓರೆ 4.04 ಬರಬೇಕು. ಈ ನಕ್ಷೆಯಲ್ಲೊಂದು ಸೊಗಸಿದೆ. ಎಲ್ಲ ಉದ್ದವನ್ನೂ ನಟ್ಟಿನ ಮೇಲಂಚಿನವರೆಗೇ ಅಳೆದಿದ್ದರೂ ಓರೆ ಕೆಡುವುದಿಲ್ಲ. ಗೆರೆ ಮೂಲಬಿಂದುವಿನ ಮೂಲಕ ಹಾಯದೆ ತುಸು ಮೇಲೆ ಸರಿದಿರುತ್ತದೆ, ಅಷ್ಟೆ. ‘ಗೆರೆ ಸೊನ್ನೆಯಿಂದ ಏಕೆ ಹೊರಡಲಿಲ್ಲ ಸಾರ್’ ಎಂದು ಒಬ್ಬ ಹುಡುಗ ಕೇಳಿದರೆ ಆ ಪೀರಿಯಡ್ ಸಾರ್ಥಕ.

ವಿದ್ಯುತ್ತಿನ ಅಧ್ಯಾಯಕ್ಕೆ ಬರೋಣ. ಹತ್ತನೇ ತರಗತಿಯ ಭೌತವಿಜ್ಞಾನದಲ್ಲಿ ಅತಿ ಹೆಚ್ಚು ಸಾಮಾನು ಕೆಡುವುದು ಇಲ್ಲೇ. ಹಳೆಯ ಶಾಲೆಗಳಲ್ಲಿ ಬ್ಯಾಟರಿ ಎಲಿಮಿನೇಟರ್, ರಿಯೋಸ್ಟಾಟ್, ಮುಳ್ಳಿನ ಅಮ್ಮೀಟರ್, ವೋಲ್ಟ್‌ಮೀಟರ್ ಇರುತ್ತವೆ. ತಿರುಪುಗಳು ಕಿಲುಬು ಹಿಡಿದಿರುತ್ತವೆ, ಮುಳ್ಳು ಸೊನ್ನೆಯ ಮೇಲೆ ನಿಂತಿರುವುದಿಲ್ಲ. ಕಿಲುಬಿಗೆ ಉಪ್ಪುಕಾಗದ, ಮುಳ್ಳಿಗೆ ಮೀಟರಿನ ಮುಖದ ಮೇಲಿರುವ ಚಿಕ್ಕ ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಬರದಿದ್ದರೆ ಆ ದೋಷವನ್ನು ಬರೆದುಕೊಂಡು ಪ್ರತಿ ರೀಡಿಂಗಿನಿಂದಲೂ ಕಳೆಯಬೇಕು.

ಇವೇನೂ ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಹಳದಿ ಮಲ್ಟಿಮೀಟರ್ ಎರಡು, ನಾಲ್ಕು ಪೆನ್ ಟಾರ್ಚ್ ಸೆಲ್, ಸೆಲ್ ಹೋಲ್ಡರ್ ಸಾಕು. ರೋಧಕ ಆರಿಸುವಾಗ ಎಚ್ಚರ. ಪುಸ್ತಕದ ಲೆಕ್ಕಗಳಲ್ಲಿ 10 ಓಮ್ ಇರುತ್ತದೆಂದು ಅಂಗಡಿಯಿಂದ ಕಾಲು ವ್ಯಾಟಿನ 10 ಓಮ್ ರೋಧಕ ತಂದು 6 ವೋಲ್ಟ್ ಕೊಟ್ಟರೆ ಅದರಲ್ಲಿ 3.6 ವ್ಯಾಟ್ ಬಿಸಿ ಹುಟ್ಟುತ್ತದೆ. ಹೊಗೆ ಬರುತ್ತದೆ, ಬೆರಳು ಸುಡುತ್ತದೆ. 100 ಓಮ್ ಕೂಡ 6 ವೋಲ್ಟ್‌ಗೆ 0.36 ವ್ಯಾಟ್ ಆಗಿ ಮಿತಿ ಮೀರುತ್ತದೆ. 220 ಓಮ್ ತನ್ನಿ; ಮೈಮೇಲಿನ ಪಟ್ಟಿಗಳು ಕೆಂಪು, ಕೆಂಪು, ಕಂದು, ಕೊನೆಗೆ ಚಿನ್ನದ ಬಣ್ಣ. 6 ವೋಲ್ಟ್‌ಗೆ 27 ಮಿಲಿಆಂಪಿಯರ್, 0.16 ವ್ಯಾಟ್, ಮಿತಿಯೊಳಗೇ ಇರುತ್ತದೆ. ಒಂದು, ಎರಡು, ಮೂರು, ನಾಲ್ಕು ಸೆಲ್ ಹಾಕುತ್ತಾ ಪ್ರತಿ ಸಲವೂ ರೋಧಕದ ಎರಡು ತುದಿಗಳ ನಡುವೆಯೇ ವೋಲ್ಟ್ ಅಳೆಯಬೇಕು; ಸೆಲ್ ಎಣಿಸಿ ಒಂದೂವರೆಯಿಂದ ಗುಣಿಸಬಾರದು. 1.58 ವೋಲ್ಟ್‌ಗೆ 7.3 ಮಿಲಿಆಂಪಿಯರ್, 3.15ಕ್ಕೆ 14.6, 4.71ಕ್ಕೆ 21.8, 6.27ಕ್ಕೆ 29.0. ಈ ಥರ ಬಂದರೆ ರೋಧ 216 ಓಮ್. ‘220 ಬರಲಿಲ್ಲ’ ಎಂದು ಮಕ್ಕಳು ಕಂಗಾಲಾಗುತ್ತಾರೆ. ಚಿನ್ನದ ಪಟ್ಟಿಯ ಅರ್ಥವೇ ನೂರಕ್ಕೆ 5 ಹೆಚ್ಚುಕಡಿಮೆ ಇರಬಹುದು ಎಂದು; 209ರಿಂದ 231ರವರೆಗೆ ಯಾವುದು ಬಂದರೂ ರೋಧಕ ಸರಿಯಾಗಿದೆ, ಮಗುವಿನ ಕೆಲಸವೂ ಸರಿಯಾಗಿದೆ. 216 ಎಂದು ಬರೆದವರಿಗೆ ಪೂರ್ತಿ ಅಂಕ ಕೊಡಿ. ಸೆಲ್ಲಿನ ರೀಡಿಂಗ್ ಸರಿಯಾಗಿ 1.50, 3.00 ಎಂದೇ ಬರೆದು 220.0 ತಂದವರನ್ನು ಕರೆದು ವಿಚಾರಿಸಿ.

ಮಲ್ಟಿಮೀಟರ್ ಸತ್ತಿತು ಎಂದು ಬೀರುವಿಗೆ ಸೇರುವುದು ಬಹುತೇಕ ಒಂದೇ ಕಾರಣಕ್ಕೆ. ಪ್ರವಾಹ ಅಳೆದ ಮೇಲೆ ಗುಂಡಿಯನ್ನು ಮಿಲಿಆಂಪಿಯರಿನಲ್ಲೇ ಬಿಟ್ಟು ಕಡ್ಡಿಗಳನ್ನು ಸೆಲ್ಲಿನ ಎರಡು ತುದಿಗೆ ತಾಗಿಸುತ್ತಾರೆ. ಆ ಸ್ಥಿತಿಯಲ್ಲಿ ಮೀಟರಿನ ರೋಧ ತೀರಾ ಕಡಿಮೆ, ಪ್ರವಾಹ ನುಗ್ಗಿ ಒಳಗಿನ ಪುಟ್ಟ ಗಾಜಿನ ಫ್ಯೂಸ್ ಸುಡುತ್ತದೆ. ಮೀಟರ್ ವೋಲ್ಟ್ ತೋರಿಸುತ್ತದೆ, ಪ್ರವಾಹ ಮಾತ್ರ ಸೊನ್ನೆ ಎನ್ನುತ್ತದೆ. ಹಿಂಬದಿಯ ಸ್ಕ್ರೂ ಬಿಚ್ಚಿ ಅದೇ ಬೆಲೆಯ ಫ್ಯೂಸ್ ಹಾಕಿದರೆ ಮುಗಿಯಿತು. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದು ನಮ್ಮೂರಿನ ಹಳೇ ಚಾಳಿ. ದಯವಿಟ್ಟು ಬೇಡ, ಮುಂದಿನ ಸಲ ಮೀಟರೇ ಹೋಗುತ್ತದೆ.

ರೋಧಕದ ಬದಲು ಹಳೇ ಟಾರ್ಚಿನ ತಂತಿ ಬಲ್ಬ್ ಹಾಕಿ ಇದೇ ನಕ್ಷೆ ಎಳೆದರೆ ಗೆರೆ ಬಾಗುತ್ತದೆ. ಇದನ್ನು ತಪ್ಪು ಎಂದು ಹೊಡೆದುಹಾಕುವವರಿದ್ದಾರೆ. ತಪ್ಪಲ್ಲ. ತಂತಿ ಕಾದಂತೆ ರೋಧ ಏರುತ್ತದೆ. ಓಮ್‌ನ ನಿಯಮ ಹೇಳುವುದು ತಾಪ ಬದಲಾಗದಿದ್ದರೆ ಎಂದು. ಹೋಲ್ಡರಿನಿಂದ ಬಿಚ್ಚಿ ತಣ್ಣಗಾದ 60 ವ್ಯಾಟಿನ ಹಳೇ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದರೆ 60–70 ಓಮ್ ತೋರಿಸುತ್ತದೆ. 230 ವೋಲ್ಟ್‌ನಲ್ಲಿ ಉರಿಯುವಾಗ ಅದರ ರೋಧ ಎಷ್ಟೆಂದು V²/P ಲೆಕ್ಕ ಹಾಕಿದರೆ 882 ಓಮ್. ಒಂದೇ ಬಲ್ಬು, ಹದಿಮೂರು ಪಟ್ಟು ವ್ಯತ್ಯಾಸ. ಪುಸ್ತಕದ ಒಂದು ಷರತ್ತಿನ ಮಾತು ಏಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಸರಣಿ, ಸಮಾಂತರ ಜೋಡಣೆಗೆ ದಸರಾಗಿಂತ ಒಳ್ಳೆಯ ಪಾಠ ಬೇಕೆ? ಅಂಬಾವಿಲಾಸ ಅರಮನೆಯ ಗೋಡೆಯಂಚುಗಳಲ್ಲಿ ಉರಿಯುವ ಬಲ್ಬ್‌ಗಳು ಸುಮಾರು ಒಂದು ಲಕ್ಷ. ಅವುಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟು ಕಪ್ಪಾಗಿದ್ದರೂ ಅಕ್ಕಪಕ್ಕದ್ದು ಉರಿಯುತ್ತಿರುತ್ತವೆ. ಅದು ಸಮಾಂತರ. ಮನೆ ಮುಂದೆ ಕಟ್ಟುವ ಸೀರಿಯಲ್ ಸೆಟ್ಟಿನಲ್ಲಿ ಒಂದು ಕೆಟ್ಟರೆ ಒಂದು ತುಂಡು ಪೂರ್ತಿ ಕತ್ತಲಾಗುತ್ತದೆ, ಇನ್ನೊಂದು ತುಂಡು ಉರಿಯುತ್ತಿರುತ್ತದೆ. ಅದು ಸರಣಿಗಳನ್ನು ಸಮಾಂತರವಾಗಿ ಜೋಡಿಸಿದ್ದು. ರಸ್ತೆಯಲ್ಲಿ ನಿಂತು ನೋಡಿಯೇ ಜೋಡಣೆಯ ಚಿತ್ರ ಬರೆಯಬಹುದು. ಪ್ಲಗ್‌ನಲ್ಲಿರುವ ಸೆಟ್ಟನ್ನು ಮುಟ್ಟಿ ಬಿಚ್ಚಿ ನೋಡುವ ಕೆಲಸ ಮಾತ್ರ ಬೇಡ. ಮಕ್ಕಳ ಯಾವ ಪ್ರಯೋಗವೂ 9 ವೋಲ್ಟ್ ದಾಟಬಾರದು.

ಮನೆಯಲ್ಲಿ ಮಾಡಬಹುದಾದ, ಯಾವುದನ್ನೂ ಮುಟ್ಟಬೇಕಿಲ್ಲದ ಇನ್ನೊಂದು ಪ್ರಯೋಗವಿದೆ, ಕರೆಂಟ್ ಮೀಟರಿನದ್ದು. ಮೈಸೂರು, ಮಂಡ್ಯದ ಮನೆಗಳಿಗೆ ವಿದ್ಯುತ್ ಸರಬರಾಜು ನಿಗಮ ಚೆಸ್ಕ್ ಹಾಕಿರುವ ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಎರಡು ಮಿಟುಕುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಕ್ಷಣಕ್ಕೆ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 1600 ಎಂದಿದ್ದರೆ 2250ನ್ನು ಭಾಗಿಸಬೇಕು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ ಎಂಬುದನ್ನು 3200ರಿಂದ ಭಾಗಿಸಿದರೆ ಈ 1125 ಎಲ್ಲಿಂದ ಬಂತು ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಹಳೇ 75 ವ್ಯಾಟಿನ ಫ್ಯಾನ್ ಒಂದೇ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ ಮಿಟುಕಬೇಕು. ಕರೆಂಟ್ ಉಳಿಸುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಆದರೆ 40 ಸೆಕೆಂಡ್. 2000 ವ್ಯಾಟಿನ ಗೀಸರ್ ಹಾಕಿದರೆ ಸೆಕೆಂಡಿಗೆ ಎರಡು ಸಲಕ್ಕೆ ಸ್ವಲ್ಪ ಕಡಿಮೆ. ಆಗ ಒಂದೊಂದು ಮಿಟುಕು ಅಳೆಯಲು ಹೋಗದೆ 20 ಮಿಟುಕಿಗೆ ಎಷ್ಟು ಹೊತ್ತು ಎಂದು ನೋಡಿ.

ಇದು ಕೆಡುವುದೂ ಸುಲಭ. ಫ್ಯಾನ್ ಒಂದೇ ಇದೆ ಎಂದುಕೊಂಡಿರುವಾಗ ಫ್ರಿಜ್ಜಿನ ಕಂಪ್ರೆಸರ್ ಶುರುವಾಗುತ್ತದೆ. ಸೆಟ್ ಟಾಪ್ ಬಾಕ್ಸ್, ವೈಫೈ ಡಬ್ಬಿ ಸದಾ ಒಂದಿಷ್ಟು ಎಳೆಯುತ್ತಿರುತ್ತವೆ. ಮೊದಲು ಆಫ್ ಮಾಡಬಹುದಾದ್ದನ್ನೆಲ್ಲ ಆಫ್ ಮಾಡಿ ‘ಸುಮ್ಮನಿರುವ ಮನೆ’ಯ ವ್ಯಾಟ್ ಅಳೆದು, ಆಮೇಲೆ ಒಂದೊಂದೇ ಹಾಕಿ ಕಳೆಯಬೇಕು. ಇಸ್ತ್ರಿಪೆಟ್ಟಿಗೆಯನ್ನು ಅಳೆದವರಿಗೆ ಒಮ್ಮೆ 750, ಒಮ್ಮೆ ಸೊನ್ನೆ ಬರುತ್ತದೆ. ಒಳಗಿನ ಥರ್ಮೋಸ್ಟಾಟ್ ಆಗಾಗ ಕರೆಂಟ್ ಕಡಿಯುವುದರಿಂದ ಹೀಗೆ.

ಮಸೂರದ ಪ್ರಯೋಗಕ್ಕೆ ಕನ್ನಡಕದ ಅಂಗಡಿಗೆ ಹೋಗಿ ಅಂಚು ಕತ್ತರಿಸದ ಪ್ಲಸ್ 5 ಪವರ್ ಗ್ಲಾಸು ಕೇಳಿ. ಪವರ್ 5 ಡಯಾಪ್ಟರ್ ಎಂದರೆ ಸಂಗಮದೂರ 1/5 ಮೀಟರ್, 20 ಸೆಂ.ಮೀ. ಮನೆಯ ಹಿರಿಯರು ಓದಲು ಹಾಕುವ ಪ್ಲಸ್ 2 ಕನ್ನಡಕ ಆದರೆ 50 ಸೆಂ.ಮೀ. ಕನ್ನಡಕದ ಗಾಜು ಪುಸ್ತಕದ ಚಿತ್ರದಲ್ಲಿರುವಂತೆ ಎರಡೂ ಕಡೆ ಉಬ್ಬಿರುವುದಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಉಬ್ಬು ಹೆಚ್ಚಾಗಿರುವುದರಿಂದ ಕೆಲಸ ಪೀನ ಮಸೂರದ್ದೇ. ದೂರದ ತೆಂಗಿನ ಮರದ ಬಿಂಬವನ್ನು ಕಿಟಕಿಯ ಎದುರಿನ ಗೋಡೆಯ ಮೇಲೆ ಬೀಳಿಸಿದರೆ ಸಂಗಮದೂರ ಅಲ್ಲೇ ಸಿಕ್ಕಿತು. ಸೂರ್ಯನ ಕಡೆ ಹಿಡಿದು ಕಣ್ಣಿಡುವುದು ಯಾವ ಕಾರಣಕ್ಕೂ ಬೇಡ.

ಮೇಣದಬತ್ತಿ ಫ್ಯಾನಿನ ಗಾಳಿಗೆ ಓಲಾಡುತ್ತದೆ, ಮೇಣ ಕರಗಿದಂತೆ ಜ್ವಾಲೆ ಕೆಳಗಿಳಿಯುತ್ತದೆ. ರಟ್ಟಿನಲ್ಲಿ ಬಾಣದ ಆಕಾರ ಕೊರೆದು, ಹಿಂದೆ ಬಟರ್ ಪೇಪರ್ ಅಂಟಿಸಿ, ಅದರ ಹಿಂದೆ ಮೊಬೈಲ್ ಟಾರ್ಚ್ ಇಡುವುದು ವಾಸಿ. 20 ಸೆಂ.ಮೀ. ಮಸೂರಕ್ಕೆ ಬಾಣವನ್ನು 30ರಲ್ಲಿ ಇಟ್ಟರೆ ಬಿಂಬ 60ರಲ್ಲಿ, 40ಕ್ಕೆ 40, 60ಕ್ಕೆ 30. ಅತಿ ಸಾಮಾನ್ಯ ದೂರು ‘ಬಿಂಬವೇ ಬೀಳುತ್ತಿಲ್ಲ’ ಎಂಬುದು. ನೋಡಿದರೆ ಬಾಣಕ್ಕೂ ಪರದೆಗೂ ನಡುವೆ ಮುಕ್ಕಾಲು ಮೀಟರ್ ಜಾಗ ಬಿಟ್ಟಿರುತ್ತಾರೆ. ಆ ಅಂತರ ಸಂಗಮದೂರದ ನಾಲ್ಕು ಪಟ್ಟಿಗಿಂತ, ಇಲ್ಲಿ 80 ಸೆಂ.ಮೀ.ಗಿಂತ, ಕಡಿಮೆಯಿದ್ದರೆ ಮಸೂರವನ್ನು ಎಲ್ಲಿಟ್ಟರೂ ಪರದೆಯ ಮೇಲೆ ಸ್ಪಷ್ಟ ಬಿಂಬ ಸಾಧ್ಯವಿಲ್ಲ. ಚಿಕ್ಕ ಬೆಂಚು ಬಿಟ್ಟು ನೆಲದ ಮೇಲೆ ಮಾಡಿ. ಇನ್ನು 30, 60 ಅಳೆದು ಸೂತ್ರಕ್ಕೆ ಹಾಕಿ ಸಂಗಮದೂರ ಮೈನಸ್ 60 ತಂದವರ ಮಸೂರ ಕೆಟ್ಟಿಲ್ಲ. ವಸ್ತು ದೂರಕ್ಕೆ ಮೈನಸ್ ಚಿಹ್ನೆ ಹಾಕುವುದು ಬಿಟ್ಟುಹೋಗಿದೆ.

ಗಾಜಿನ ಪಟ್ಟಕದ ಪ್ರಯೋಗದಲ್ಲಿ ಒಂದೇ ಮಾತು: ಎರಡು ಗುಂಡುಸೂಜಿಗಳ ನಡುವೆ ಕನಿಷ್ಠ 5 ಸೆಂ.ಮೀ. ಇರಲಿ, ಆಚೆಯಿಂದ ನೋಡುವಾಗ ಸೂಜಿಯ ತಲೆಯಲ್ಲ, ಬುಡ ನೋಡಿ.

ವಿದ್ಯುತ್ಕಾಂತ, ಮೋಟಾರ್ ಮಾಡಲು ಬೇಕಾದ ಎನಾಮೆಲ್ ತಂತಿಯನ್ನು ಹುಡುಕಿ ಅಲೆಯಬೇಕಿಲ್ಲ. ಮಂಡ್ಯ ಸೀಮೆಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇರದ ಊರು ಕಡಿಮೆ. ಉಳಿದ ತುಂಡು ತಂತಿ ಕೇಳಿದರೆ ಕೊಡುತ್ತಾರೆ. ಅದರ ಮೇಲಿನ ಲೇಪ ಕಣ್ಣಿಗೆ ತಾಮ್ರದಂತೆಯೇ ಕಾಣುವುದರಿಂದ ಕೆರೆಯದೆ ಜೋಡಿಸಿ ‘ಓಡುತ್ತಿಲ್ಲ’ ಎನ್ನುವುದು ಮೊದಲ ತಪ್ಪು. ದಪ್ಪ ಸೆಲ್ಲಿನ ಮೇಲೆ 10–15 ಸುತ್ತು ಸುತ್ತಿ ತೆಗೆದ ಸುರುಳಿಯ ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು, ಇನ್ನೊಂದರದ್ದನ್ನು ಅರ್ಧ ಮಗ್ಗುಲು ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ತಳ್ಳಿಸಿಕೊಂಡು ಅಲ್ಲೇ ನಡುಗುತ್ತದೆ. ಆ ಅರ್ಧ ಉಳಿದ ಲೇಪವೇ ದಿಕ್ಪರಿವರ್ತಕದ ಕೆಲಸ ಮಾಡುವುದು. ಸೆಲ್ ಬೇಗ ಬಿಸಿಯಾಗುತ್ತದೆ, ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ತರಗತಿಯ ಹೊರಗೆ ಹೋದರೆ, ಸಂಪಾದಕರೇ, ನಿಮ್ಮ ಪತ್ರಿಕೆಯೇ ಒಂದು ಪಾಠಪುಸ್ತಕ. ಮಳೆಗಾಲದಲ್ಲಿ ದಿನವೂ ಅಚ್ಚಾಗುವ ಕೆಆರ್‌ಎಸ್ ಮಟ್ಟದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ ಎಂದರೆ 38 ಮೀಟರ್. ಸಾಂದ್ರತೆ, g, ಆಳ ಗುಣಿಸಿದರೆ ಆ ಅಳತೆಯ ಸೊನ್ನೆಯ ಮಟ್ಟದಲ್ಲಿ ನೀರಿನ ಒತ್ತಡ 3.7 ಲಕ್ಷ ಪಾಸ್ಕಲ್. ಗಾಳಿಯ ಒತ್ತಡದ ಮೂರೂವರೆ ಪಟ್ಟಿಗೂ ಹೆಚ್ಚು, ಅದೂ ಗಾಳಿಯ ಒತ್ತಡವನ್ನು ಬಿಟ್ಟು. ಮಟ್ಟ 100 ಅಡಿಗೆ ಇಳಿದರೆ 3 ಲಕ್ಷ. ಅಣೆಕಟ್ಟಿನ ಬುಡ ಅಗಲ, ತುದಿ ಕಿರಿದು ಏಕೆ ಎಂಬುದು ಇಲ್ಲೇ ಇದೆ. ಹಿನ್ನೀರು ಎಷ್ಟು ಮೈಲಿ ಹರಡಿದೆ ಎಂಬುದಕ್ಕೂ ಕಟ್ಟೆಯ ಬುಡದ ಒತ್ತಡಕ್ಕೂ ಸಂಬಂಧವಿಲ್ಲ, ಆಳವೊಂದೇ ಲೆಕ್ಕ ಎಂದರೆ ಮಕ್ಕಳು ಸುಲಭವಾಗಿ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು. ಒಂದು ಅಗಲ, ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಕೆಳಗೆ ಒಂದೇ ಎತ್ತರದಲ್ಲಿ ಒಂದೇ ಅಳತೆಯ ತೂತು ಮಾಡಿ, ನೀರಿನ ಮಟ್ಟ ಸಮ ಇದ್ದಾಗ ಎರಡರ ಧಾರೆ ಎಷ್ಟು ದೂರ ಚಿಮ್ಮುತ್ತದೆ ನೋಡಲಿ. ಮುಚ್ಚಳ ತೆಗೆದಿರಬೇಕು, ಇಲ್ಲದಿದ್ದರೆ ಧಾರೆ ನಿಂತುಹೋಗುತ್ತದೆ.

ಹಾಗೆಯೇ ಒಳಹರಿವಿನ ಕ್ಯುಸೆಕ್, ಸಂಗ್ರಹದ ಟಿಎಂಸಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಒಂದು ದಿನದಲ್ಲಿ ಒಂದು ಟಿಎಂಸಿ ಬರಬೇಕಾದರೆ ಒಳಹರಿವು 11,574 ಕ್ಯುಸೆಕ್ ಇರಬೇಕು. ಏಕಮಾನ ಪರಿವರ್ತನೆಯ ಲೆಕ್ಕ ಎಂದರೆ ಮೂಗು ಮುರಿಯುವ ಮಂಡ್ಯದ ಹುಡುಗರು ಈ ಲೆಕ್ಕವನ್ನು ಅಪ್ಪಂದಿರಿಗೇ ಮಾಡಿ ತೋರಿಸುತ್ತಾರೆ, ನಾಲೆಗೆ ನೀರು ಯಾವಾಗ ಎಂಬುದು ಮನೆಯ ಮಾತಲ್ಲವೆ? ವಿದ್ಯುತ್ ಉತ್ಪಾದನೆಯ ಪಾಠ ಮಾಡುವಾಗಲೂ ದೂರ ಹೋಗಬೇಕಿಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ.

ಆಕ್ಷೇಪ ಏನೆಂದು ನಮಗೆ ಗೊತ್ತು: 40 ನಿಮಿಷದ ಪೀರಿಯಡ್, 50 ಮಕ್ಕಳು, ಮುಗಿಯದ ಸಿಲಬಸ್. ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರಿಗೆ ಗಣಿತದ ಹೊರೆಯೇ ಸಾಕಷ್ಟಿದೆ. ಎಷ್ಟೋ ಕಡೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಟೀಚರೇ ಭೌತವಿಜ್ಞಾನವನ್ನೂ ಎಳೆಯಬೇಕು. ಲ್ಯಾಬ್ ಅಟೆಂಡರ್ ಇಲ್ಲ. ಇದೆಲ್ಲ ನಿಜವಾದರೂ ಮೇಲೆ ಬರೆದ ಲೋಲಕವನ್ನು ಐದೈದು ಮಕ್ಕಳ ಹತ್ತು ಗುಂಪು ಒಂದೇ ಪೀರಿಯಡ್‌ನಲ್ಲಿ ಮುಗಿಸಬಹುದು: ಹಿಂದಿನ ದಿನವೇ ದಾರ ಕತ್ತರಿಸಿ ನಟ್ಟು ಕಟ್ಟಿಟ್ಟಿದ್ದರೆ. ಒಬ್ಬರು ಬಿಡುವವರು, ಒಬ್ಬರು ಎಣಿಸುವವರು, ಒಬ್ಬರು ವಾಚ್, ಒಬ್ಬರು ಬರೆಯುವವರು. ಐದನೆಯವರು ಮನಸ್ಸಿನಲ್ಲೇ ಬೇರೆಯಾಗಿ ಎಣಿಸಲಿ, ಇಬ್ಬರ ಎಣಿಕೆ ತಾಳೆಯಾಗದಿದ್ದರೆ ಆ ರೀಡಿಂಗ್ ಪಕ್ಕಕ್ಕೆ ಒಂದು ಗುರುತು ಹಾಕಿ ಇನ್ನೊಮ್ಮೆ ಮಾಡಬೇಕು. ಹಳೆಯದನ್ನು ಅಳಿಸಬಾರದು. ಮಾನಸಗಂಗೋತ್ರಿಯಲ್ಲಿ 1963ರಿಂದ ವಿಜ್ಞಾನ ಶಿಕ್ಷಕರನ್ನು ತಯಾರಿಸುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ, ಜಿಲ್ಲೆಯಲ್ಲಿ ಬಿ.ಎಡ್ ಕಾಲೇಜುಗಳಿವೆ. ಬೋಧನಾ ಅಭ್ಯಾಸಕ್ಕೆ ಶಾಲೆಗಳಿಗೆ ಬರುವ ತರುಣ ತರುಣಿಯರಿಗೆ ಚಾರ್ಟ್ ಬರೆಸುವ ಬದಲು ಇಂಥ ಪ್ರಯೋಗದ ಪೀರಿಯಡ್‌ಗಳನ್ನೇ ವಹಿಸಬಹುದು. ಫೆಬ್ರವರಿ 28ರ ವಿಜ್ಞಾನ ದಿನದ ಭಾಷಣ, ರಂಗೋಲಿಗಳನ್ನು ಒಂದು ವರ್ಷ ಬಿಟ್ಟು ಅಂದು ಎಂಟು, ಒಂಬತ್ತನೇ ತರಗತಿಯವರ ಕೈಗೆ ನಟ್ಟು, ದಾರ ಕೊಡಬಹುದು. ಹತ್ತರವರು ಹೇಗೂ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ.

ಇಲಾಖೆಯವರು ಮಾಡಬೇಕಾದ್ದು ಒಂದು ಸುತ್ತೋಲೆಯಷ್ಟು ಕೆಲಸ: ಆಂತರಿಕ ಅಂಕ ಕೊಡುವಾಗ ನೀಟಾದ ರೆಕಾರ್ಡ್ ಜೊತೆಗೆ ಪ್ರಯೋಗದ ದಿನ ಬರೆದ ರಫ್ ಹಾಳೆಯನ್ನೂ ನೋಡಬೇಕು, ಎರಡರ ಅಂಕಿ ಒಂದೇ ಇರಬೇಕು ಎಂದು ಹೇಳಿದರಾಯಿತು.

ನಿಮ್ಮಿಂದ ಬೇಕಾದ್ದು ವಾರಕ್ಕೆ ಒಂದು ಪ್ರಯೋಗದ ಜಾಗ, ಪರೀಕ್ಷಾ ಪುಟದ ಒಂದು ಮೂಲೆಯಾದರೂ ಸರಿ. ಶುರು ಮಾಡಲು ನೆರಳಿನ ಅಳತೆ ಒಳ್ಳೆಯದು, ಇಡೀ ಜಿಲ್ಲೆಯ ಮಕ್ಕಳು ಒಂದೇ ದಿನ ಮಾಡಬಹುದು. ಒಂದು ಮೀಟರ್ ಕೋಲು, ಅದು ನೆಟ್ಟಗಿದೆಯೆ ಎಂದು ನೋಡಲು ಗಾರೆ ಕೆಲಸದವರ ತೂಗುಗುಂಡು, ನೆಲ ಸಮವಾಗಿದೆಯೆ ಎಂದು ನೋಡಲು ರಸಮಟ್ಟ. ಸೂರ್ಯ ನೆತ್ತಿಗೆ ಬರುವುದು ನಮ್ಮಲ್ಲಿ 12 ಗಂಟೆಗಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರುವುದು 76.65ರಲ್ಲಿ, ಡಿಗ್ರಿಗೆ 4 ನಿಮಿಷದಂತೆ 23 ನಿಮಿಷ ತಡ, ಅದರ ಮೇಲೆ ಋತುವಿಗೆ ತಕ್ಕಂತೆ ಕೆಲವು ನಿಮಿಷ ಹಿಂದುಮುಂದು. ಸೆಪ್ಟೆಂಬರ್ 22–23ರಂದು ಸುಮಾರು 12.16ಕ್ಕೆ ನೆರಳು ಅತಿ ಗಿಡ್ಡ, ಮೈಸೂರಿನಲ್ಲಿ 21.8 ಸೆಂ.ಮೀ., ಮಂಡ್ಯದಲ್ಲಿ ಅದಕ್ಕಿಂತ ಸುಮಾರು 4 ಮಿ.ಮೀ. ಉದ್ದ. ಡಿಸೆಂಬರ್ 21–22ರಂದು 12.21ರ ಹೊತ್ತಿಗೆ 72 ಸೆಂ.ಮೀ. ಜೂನ್ 21ರಂದು ನೆರಳು ದಕ್ಷಿಣಕ್ಕೆ ಬೀಳುತ್ತದೆ, ಸುಮಾರು 20 ಸೆಂ.ಮೀ. ನೆರಳೇ ಇಲ್ಲದ ದಿನ ಏಪ್ರಿಲ್ 22–23ರ ಆಸುಪಾಸು, ಆಗ ಬೇಸಿಗೆ ರಜೆ. ಇನ್ನೊಂದು ಆಗಸ್ಟ್ 19–20ರ ಆಸುಪಾಸು ಮಧ್ಯಾಹ್ನ 12.27ಕ್ಕೆ, ಶಾಲೆ ಇರುತ್ತದೆ ಆದರೆ ಮೋಡ ಕೈಕೊಡಬಹುದು. ನೆರಳಿನ ತುದಿ ಮಸುಕಾಗಿಯೇ ಇರುತ್ತದೆ, ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಮಸುಕಿನ ನಡುವನ್ನು ಗುರುತು ಮಾಡಬೇಕು. 12 ಗಂಟೆಯಿಂದ 12.40ರವರೆಗೆ ಐದು ನಿಮಿಷಕ್ಕೊಂದು ಗುರುತು. ಹಿಂದಿನ ದಿನ ಈ ಸಮಯಗಳನ್ನು ನಾಲ್ಕು ಸಾಲಿನಲ್ಲಿ ಅಚ್ಚು ಹಾಕಿ, ಮಕ್ಕಳು ಕಳಿಸಿದ ಅಳತೆಗಳನ್ನು, 21.8 ಬಾರದವರದ್ದನ್ನೂ ಸೇರಿಸಿ, ಮುಂದಿನ ವಾರ ಊರಿನ ಹೆಸರಿನೊಂದಿಗೆ ಪ್ರಕಟಿಸಿ.

ಇತಿ,
ಪ್ರೌಢಶಾಲೆಗಳ ಕೆಲವು ಭೌತವಿಜ್ಞಾನ ಶಿಕ್ಷಕರು
ಮೈಸೂರು